ಕಾಯಿಕೊರಕದ ಎನ್.ಪಿ.ವಿ. ನಂಜಾಣು: ರೇಷ್ಮೆ ಹುಳುವಿಗೆ ಅಪಾಯವಿದೆಯೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಅವರೆ, ತೊಗರಿ ಅಥವಾ ಟೊಮ್ಯಾಟೊ ಬೆಳೆಯಿರುವುದುಂಟು. ಈ ಬೆಳೆಗಳನ್ನು ಬಾಧಿಸುವ ಹೆಲಿಕೋವರ್ಪ ಕಾಯಿಕೊರಕದ ಹತೋಟಿಗೆ ಎನ್.ಪಿ.ವಿ. ನಂಜಾಣುವನ್ನು ಶಿಫಾರಸು ಮಾಡಿದಾಗ ರೇಷ್ಮೆ ಬೆಳೆಗಾರರು ಹಿಂಜರಿಯುವುದು ಸಹಜ. ಏಕೆಂದರೆ, ರೇಷ್ಮೆ ಹುಳುವಿನ ಹಾಲುತೊಂಡೆ ರೋಗಕ್ಕೆ ಕಾರಣವಾಗಿರುವುದೂ ಎನ್.ಪಿ.ವಿ.ಯೇ.

ಹೆಸರು ಒಂದೇ ಆದರೂ ಇವು ಬೇರೆ ಬೇರೆ ನಂಜಾಣುಗಳು. ಕಾಯಿಕೊರಕದ ನಂಜಾಣು (ಎಚ್.ಎ.ಎನ್.ಪಿ.ವಿ.) ಹೆಲಿಕೋವರ್ಪ ಮತ್ತು ಅದರ ಹತ್ತಿರದ ಸಂಬಂಧಿ ಕೀಟಗಳಿಗೆ ಮಾತ್ರ ರೋಗ ತರುತ್ತದೆ. ರೇಷ್ಮೆ ಹುಳು, ಜೇನುನೊಣ, ಜಾನುವಾರು ಮತ್ತು ಮನುಷ್ಯರಿಗೆ ಇದರಿಂದ ಹಾನಿಯಿಲ್ಲ. ತಂಬಾಕು ಎಲೆ ತಿನ್ನುವ ಹುಳುವಿಗೂ ಇದು ಉಪಯೋಗವಿಲ್ಲ. ಅದರ ನಂಜಾಣುವೇ ಪ್ರತ್ಯೇಕ.

ಕೆಲಸ ಮಾಡುವ ವಿಧಾನ: ಹುಳು ಎಲೆಯೊಡನೆ ನಂಜಾಣುವಿನ ಹರಳುಗಳನ್ನು ತಿನ್ನುತ್ತದೆ. ಕರುಳಿನ ಕ್ಷಾರೀಯ ರಸದಲ್ಲಿ ಹರಳು ಕರಗಿ ನಂಜಾಣು ಹೊರಬರುತ್ತದೆ. ಸುಮಾರು ಒಂದು ವಾರದಲ್ಲಿ ಹುಳು ಮೆತ್ತಗಾಗಿ, ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಆದ್ದರಿಂದ ಸಿಂಪಡಿಸಿದ ಮರುದಿನವೇ ಫಲ ಕಾಣಲಿಲ್ಲವೆಂದು ರಾಸಾಯನಿಕ ಕೀಟನಾಶಕ ಬಳಸಬಾರದು.

ಬಳಕೆ: ಮರಿಹುಳುಗಳು ಚಿಕ್ಕವಿದ್ದಾಗಲೇ ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಸಿಂಪಡಿಸಿರಿ. ದ್ರಾವಣದ ಪ್ರತಿ ಲೀಟರಿಗೆ 5 ಗ್ರಾಂ ಬೆಲ್ಲ ಸೇರಿಸಿರಿ. ಬಿಸಿಲಿನ ಅತಿನೇರಳೆ ಕಿರಣಗಳು ನಂಜಾಣುವನ್ನು ನಾಶಪಡಿಸುವುದರಿಂದ ಸಂಜೆಯ ವೇಳೆ ಸಿಂಪಡಿಸುವುದು ಸೂಕ್ತ. ಬಲಿತ ಹುಳುಗಳು ಕಾಯಿಯೊಳಗೆ ಸೇರಿದ ಮೇಲೆ ಪರಿಣಾಮ ಕಡಿಮೆ.

ಎಚ್ಚರಿಕೆ: ಹೊಲದಲ್ಲಿ ಸತ್ತ ಹುಳುಗಳನ್ನು ಅರೆದು ಸ್ವತಃ ದ್ರಾವಣ ತಯಾರಿಸಬೇಡಿರಿ. ಹರಳುಗಳು ಸೂಕ್ಷ್ಮದರ್ಶಕದಲ್ಲಿ ಕಂಡರೂ ಅವು ಯಾವ ನಂಜಾಣುವಿನವೆಂದು ಖಚಿತಪಡಿಸಲು ಡಿ.ಎನ್.ಎ. ಪರೀಕ್ಷೆ ಬೇಕು. ಸತ್ತ ಹುಳುಗಳಲ್ಲಿ ರೋಗಕಾರಕ ದುಂಡಾಣುಗಳೂ ಇರಬಹುದು. ಗುಣಮಟ್ಟ ಪರೀಕ್ಷಿಸಿದ ಉತ್ಪನ್ನವನ್ನೇ ಖರೀದಿಸಿರಿ.

ಪಕ್ಕದ ಹೊಲದಿಂದ ರೇಷ್ಮೆ ಹುಳುವಿಗೆ ನಿಜವಾದ ಅಪಾಯವಿರುವುದು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೀಳುವ ರಾಸಾಯನಿಕ ಕೀಟನಾಶಕದಿಂದ. ರಾಸಾಯನಿಕ ಬಳಸಿದ ಪಂಪನ್ನು ಹಿಪ್ಪುನೇರಳೆ ತೋಟದಲ್ಲಿ ಉಪಯೋಗಿಸಬೇಡಿರಿ. ಹಾಲುತೊಂಡೆ ರೋಗ ಬಂದಿದ್ದರೆ ಅದರ ಮೂಲವನ್ನು ಸಾಕಣೆ ಮನೆಯಲ್ಲೇ ಹುಡುಕಬೇಕು. ರೋಗಪೀಡಿತ ಹುಳುಗಳನ್ನು ಕೂಡಲೇ ಆರಿಸಿ, ಶೇ. 0.3ರ ಸುಣ್ಣದ ನೀರಿನಲ್ಲಿ ಶೇ. 2ರ ಬ್ಲೀಚಿಂಗ್ ಪುಡಿ ಬೆರೆಸಿದ ದ್ರಾವಣಕ್ಕೆ ಹಾಕಿರಿ; ಬೆಳೆ ಮುಗಿದೊಡನೆ ಮನೆ ಮತ್ತು ಸಲಕರಣೆಗಳನ್ನು ಸೋಂಕು ನಿವಾರಣೆ ಮಾಡಿರಿ.

ಹೆಚ್ಚಿನ ಮಾಹಿತಿಗೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.