ಗಂಧದೆಣ್ಣೆಯೂ ಗಂಧದ ಮರದ ರೋಗವೂ

ಹನಗೋಡಿನ ಅಣೆಕಟ್ಟೆಯ ನೀರಿನಿಂದ ಹಸುರಾದ ಗದ್ದೆಗಳನ್ನು ಹಿಂದಿಕ್ಕಿ ನಾಗರಹೊಳೆಯ ಕಾಡಿನಂಚಿಗೆ ನಡೆದವರಿಗೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಈ ಸೀಮೆಯು ಒಂದು ಕಾಲಕ್ಕೆ ಶ್ರೀಗಂಧದ ಸೀಮೆಯಾಗಿದ್ದಿತೆಂಬುದಕ್ಕೆ ಸಾಕ್ಷಿಯಾಗಿ ಬೇಲಿಯ ಮರೆಯಲ್ಲಿ ಕಳ್ಳರ ಕಣ್ಣಿಗೆ ಬೀಳದೆ ಉಳಿದ ಎಳೆಯ ಗಿಡಗಳಲ್ಲದೆ ಹೆಚ್ಚೇನೂ ಕಾಣಸಿಗುವುದಿಲ್ಲ.

ಈ ಮರದ ಚೇಗಿನಲ್ಲಿ ಅಡಗಿರುವ ತೈಲವನ್ನು ಪರದೇಶದವರು ಪರಿಮಳಕ್ಕೆಂದು ಮಾತ್ರವೇ ಕೊಂಡವರಲ್ಲ. ಪೆನಿಸಿಲಿನ್ ಬರುವ ಮುನ್ನ ಯೂರೋಪಿನ ವೈದ್ಯರು ಗೊನೊರಿಯಾ ರೋಗಿಗಳಿಗೆ ಗಂಧದೆಣ್ಣೆ ತುಂಬಿದ ಗುಳಿಗೆಗಳನ್ನು ನುಂಗಿಸುತ್ತಿದ್ದರು. 1914ರಲ್ಲಿ ಯುದ್ಧ ಹೊತ್ತಿಕೊಂಡು, ಜರ್ಮನಿಗೆ ಹೋಗುತ್ತಿದ್ದ ನಮ್ಮ ಕೊರಡುಗಳಿಗೆ ಗಿರಾಕಿಗಳಿಲ್ಲದಂತಾದಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರ ನೆರವಿನಿಂದ ಮೈಸೂರು ಸರ್ಕಾರವು 1916ರಲ್ಲಿ ತಾನೇ ಎಣ್ಣೆ ತೆಗೆಯಲಾರಂಭಿಸಿತು. ಪುಡಿಮಾಡಿದ ಚೇಗಿನೊಳಗೆ ದಿನಗಟ್ಟಲೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ತೆಳುಹಳದಿಯ ಮಂದವಾದ ಎಣ್ಣೆ ತೇಲುತ್ತದೆ. ಸಾಬೂನಿಗೂ ಅತ್ತರಿಗೂ ಅದು ಇಂದಿಗೂ ಬೇಕು. ಗುಳಿಗೆಗಳ ಕಾಲ ಮಾತ್ರ ಸಲ್ಫಾ ಮತ್ತು ಪೆನಿಸಿಲಿನ್ ಬಂದೊಡನೆ ಮುಗಿಯಿತು.

ಹಾಗೆಂದು ಸುಗಂಧ ತೈಲಗಳಿಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿಯೇ ಇಲ್ಲವೆನ್ನಲಾಗದು. ಓಮದ ಥೈಮಾಲ್, ಲವಂಗದ ಯೂಜಿನಾಲ್‌ಗಳು ಕೊಬ್ಬಿನಲ್ಲಿ ಕರಗುವ ಸ್ವಭಾವದವಾದುದರಿಂದ ಬ್ಯಾಕ್ಟೀರಿಯಾದ ಹೊರಪೊರೆಯೊಳಕ್ಕೆ ಇಳಿದು ಅದನ್ನು ಸೋರುವಂತೆ ಮಾಡುತ್ತವೆ. ಹುಳುಕು ಹಲ್ಲಿನ ಗುಳಿಗೆ ಹತ್ತಿಯಲ್ಲದ್ದಿ ಇಟ್ಟ ಲವಂಗದೆಣ್ಣೆ ಅಲ್ಲಿನ ರೋಗಾಣುವನ್ನು ನೇರವಾಗಿ ಮುಟ್ಟುತ್ತದೆ; ಆದರೆ ಸೀಸೆಯ ಬಿರಡೆ ತೆಗೆದು ಮೂಸಿದೊಡನೆ ರೋಗನಿರೋಧಕ ಶಕ್ತಿ ವರ್ಧಿಸುವುದೆಂಬುದು, ನನ್ನ ಮಟ್ಟಿಗೆ, ವ್ಯಾಪಾರಿಯ ವಾಗ್ಮಿತೆ. ನೀಲಗಿರಿ ತೈಲದ ವಾಸನೆ ನೆಗಡಿಯಲ್ಲಿ ಹಾಯೆನಿಸುವುದು ದಿಟ. ಅದೇ ತೈಲವನ್ನು ಒಂದು ಟೀ ಚಮಚದಷ್ಟು ಕುಡಿದ ಮಗುವಿಗೆ ಫಿಟ್ಸ್ ಬರಬಹುದೆಂಬುದೂ ಅಷ್ಟೇ ದಿಟ.

ತೈಲ ಮತ್ತು ರೋಗಾಣು ಒಂದೆಡೆ ಸಂಧಿಸದಿದ್ದರೆ ಏನಾಗುವುದೆಂಬುದಕ್ಕೆ ಗಂಧದ ಮರವೇ ಉದಾಹರಣೆ. ಪಕ್ಕದ ಕೊಡಗಿನಲ್ಲಿ 1899ರಲ್ಲಿ ಮೊದಲು ಗುರುತಿಸಲ್ಪಟ್ಟು, ಎಲೆಗಳನ್ನು ಮುಳ್ಳಿನಂತೆ ಕಿರಿದಾಗಿಸಿ ಕೆಲವೇ ವರ್ಷಗಳಲ್ಲಿ ಮರವನ್ನು ಒಣಗಿಸುವ ಸ್ಪೈಕ್ ರೋಗಕ್ಕೆ ಕಾರಣವಾದ ಫೈಟೋಪ್ಲಾಸ್ಮವೂ ಕೋಶಭಿತ್ತಿಯಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾವೇ. ಅದು ವಾಸಿಸುವುದು ತೊಗಟೆಯೊಳಗಣ ಆಹಾರನಾಳಗಳಲ್ಲಿ. ಎಣ್ಣೆಯೋ, ಒಳಗೆ ಚೇಗಿನಲ್ಲಿ ಕುಳಿತಿರುತ್ತದೆ. ಕಾಂಡಕ್ಕೆ ಟೆಟ್ರಾಸೈಕ್ಲಿನ್ ಹಾಯಿಸಿ ನೋಡಿದಾಗ ರೋಗಪೀಡಿತ ಮರಗಳು ಅಗಲವಾದ ಎಲೆಗಳನ್ನು ಮತ್ತೆ ಬಿಟ್ಟವು. ಔಷಧ ನಿಂತ ಕೆಲವು ತಿಂಗಳಲ್ಲಿ ರೋಗ ಮರುಕಳಿಸಿತು.