ಸುಮ್ಮನೆ ತಿರುಗುವ ಗಾಲಿಗೆ ಬ್ರೇಕು

ಕಂಪ್ಲಿಯ ಹೊರವಲಯದ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು, ನಾಟಿಗೆ ಮುಂಚಿನ ಉಳುಮೆ ನಡೆದಿತ್ತು. ಬದುವಿನ ಹತ್ತಿರ ತಿರುಗಿಸುವಾಗ ಟ್ರ್ಯಾಕ್ಟರ್ ಸಿಕ್ಕಿಬಿತ್ತು. ಎಡಗಡೆಯ ದೊಡ್ಡ ಗಾಲಿ ಗಿರಗಿರ ತಿರುಗುತ್ತ ಕೆಸರನ್ನು ಹಿಂದಕ್ಕೆ ಎರಚುತ್ತಿದೆ. ಬಲಗಡೆಯದು ಬದುವಿನ ಗಟ್ಟಿ ಮಣ್ಣಿನ ಮೇಲೆ, ಹಂಪಿಯ ಕಲ್ಲಿನ ರಥದ ಗಾಲಿಯ ಹಾಗೆ, ಕದಲದೆ ನಿಂತಿದೆ. ನಾನಾಗಿದ್ದರೆ ಎಕ್ಸಲರೇಟರ್ ಒತ್ತಿ ಒತ್ತಿ ಅಚ್ಚಿನ ತನಕ ಹೂತುಹಾಕುತ್ತಿದ್ದೆ. ಡ್ರೈವರ್ ಹುಡುಗ ಎಂಜಿನ್ನಿನ ಸದ್ದು ತಗ್ಗಿಸಿ, ಬಲಗಾಲಿನ ಬಳಿ ಅಕ್ಕಪಕ್ಕ ಇರುವ ಎರಡು ಬ್ರೇಕ್ ಪೆಡಲುಗಳಲ್ಲಿ ಎಡದ್ದನ್ನು ಮಾತ್ರ ಮೆಲ್ಲಗೆ ಅದುಮಿದ. ಎಡಗಾಲಿ ತೂಕಡಿಸಿದಂತೆ ನಿಧಾನವಾಯಿತು. ಅಷ್ಟು ಹೊತ್ತು ಸುಮ್ಮನಿದ್ದ ಬಲಗಾಲಿ ಒಮ್ಮೆ ನಡುಗಿ, ಮಣ್ಣು ಕಚ್ಚಿ, ಟ್ರ್ಯಾಕ್ಟರನ್ನು ಮೇಲಕ್ಕೆಳೆಯಿತು.

“ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲಬೇಕಲ್ಲಪ್ಪ?” ಅಂದೆ.

“ಸುಮ್ನೆ ತಿರುಗೋ ಗಾಲಿಗೆ ಬ್ರೇಕ್ ಹಾಕಿದ್ರೆ ಇನ್ನೊಂದು ದುಡೀತೈತಿ ಸರ್,” ಅಂದ.

ನಾನು ಬಂದಿದ್ದ ಗೆಳೆಯನ ಕಾರು ಡಾಂಬರು ರಸ್ತೆಯ ಮೇಲೆ ನಿಂತಿತ್ತು. ಅದರ ಬೆನ್ನಿಗೆ ‘ಆಲ್ ವೀಲ್ ಡ್ರೈವ್’ ಎಂದು ಸಾರುವ ಹೊಳೆಯುವ ಮೂರಕ್ಷರ. ಆ ಅಕ್ಷರಗಳ ಹಿಂದಿನ ವಿದ್ಯೆಯ ಅರ್ಧ ಭಾಗವನ್ನು ಈ ಹುಡುಗ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದ. ಉಳಿದರ್ಧಕ್ಕೆ ಸ್ವಲ್ಪ ಸುತ್ತು ಹಾಕಬೇಕು.

ಎತ್ತಿನ ಗಾಡಿಯಿಂದ ಶುರುಮಾಡೋಣ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ, ಕಳಚಿ ಬೀಳದಂತೆ ಹಿಡಿಯಲು ಕಡಾಣಿ ಇದೆ ಅಷ್ಟೆ. ಗಾಡಿ ತಿರುವು ತೆಗೆದುಕೊಂಡಾಗ ಹೊರಗಿನ ಗಾಲಿ ಹೆಚ್ಚು ಸುತ್ತುತ್ತದೆ, ಒಳಗಿನದು ಕಡಿಮೆ. ಎಷ್ಟು ಹೆಚ್ಚು? ಹೊಸಪೇಟೆಯ ಪುನೀತ್ ರಾಜ್‌ಕುಮಾರ್ ವೃತ್ತವನ್ನು ಕಾರಿನಲ್ಲಿ ಒಂದು ಪೂರ್ತಿ ಸುತ್ತು ಹಾಕಿ. ಎಡಬಲ ಗಾಲಿಗಳ ನಡುವೆ ಒಂದೂವರೆ ಮೀಟರ್ ಇದ್ದರೆ ಹೊರಗಿನದು 9.4 ಮೀಟರ್ ಹೆಚ್ಚು ಓಡಿರುತ್ತದೆ. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಹಂಪಿಯನ್ನೇ ಪ್ರದಕ್ಷಿಣೆ ಹಾಕಿ ಬಂದರೂ ಅದೇ 9.4 ಮೀಟರ್. ನಂಬಿಕೆ ಬರದವರು ಕಾಗದದ ಮೇಲೆ ಎರಡು ವೃತ್ತ ಬರೆದು ಸುತ್ತಳತೆ ಕಳೆದು ನೋಡಬಹುದು, ತ್ರಿಜ್ಯವೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಸಾಧಾರಣ ಕಾರಿನ ಗಾಲಿಗೆ ಇದು ಹೆಚ್ಚುಕಡಿಮೆ ಐದು ಸುತ್ತು.

ಗಾಡಿಯನ್ನು ಎತ್ತು ಎಳೆಯುವಾಗ ಇದು ತೊಂದರೆಯೇ ಅಲ್ಲ. ಎಂಜಿನ್ ಬಂದು ಅಚ್ಚನ್ನೇ ತಿರುಗಿಸತೊಡಗಿದಾಗ ತೊಂದರೆ ಹುಟ್ಟಿತು. ಎರಡೂ ಗಾಲಿಗೆ ಬಲ ಕೊಡಬೇಕು, ಆದರೆ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಬಾರದು. 1828ರಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ತನ್ನ ಉಗಿಬಂಡಿಗಾಗಿ ಇದಕ್ಕೆ ಹಲ್ಲುಗಾಲಿಗಳ ಉತ್ತರ ಕೊಟ್ಟ. ಅದೇ ಡಿಫರೆನ್ಷಿಯಲ್. ಲಾರಿಯ ಹಿಂದಿನ ಅಚ್ಚಿನ ನಡುವೆ ಗುಡಾಣದಂತೆ ಉಬ್ಬಿರುತ್ತದಲ್ಲ, ಅದರ ಹೊಟ್ಟೆಯಲ್ಲಿರುವುದು ಇದೇ.

ಇದನ್ನು ವಿವರಿಸುವ ಚಿತ್ರಗಳಲ್ಲಿ ಹಲ್ಲುಗಾಲಿಗಳನ್ನು ನೋಡಿ ನೋಡಿ ತಲೆ ತಿರುಗುತ್ತದೆ. ನನಗೆ ಅದು ಅರ್ಥವಾದದ್ದು ನೊಗದಿಂದ. ನೇಗಿಲ ಈಸನ್ನು ನೊಗದ ನಟ್ಟನಡುವೆ ಮಿಣಿಯಿಂದ ಕಟ್ಟಿರುತ್ತಾರೆ. ಎರಡು ಎತ್ತುಗಳು ಎಳೆಯುತ್ತವೆ. ಒಂದು ಎತ್ತು ಅರ್ಧ ಹೆಜ್ಜೆ ಮುಂದೆ ಹೋದರೆ ನೊಗ ಓರೆಯಾಗುತ್ತದೆ, ಕೆಲಸವೇನೂ ನಿಲ್ಲುವುದಿಲ್ಲ. ಆದರೆ ಕಟ್ಟು ನಡುವೆ ಇರುವವರೆಗೆ ಎರಡೂ ಕಡೆಯ ಎಳೆತ ಸಮನಾಗಿಯೇ ಇರಬೇಕು. ಒಂದು ಎತ್ತು ಕುಸಿದು ಕೂತರೆ ಇನ್ನೊಂದು ಎಷ್ಟೇ ಬಲಶಾಲಿಯಾದರೂ ನೊಗ ಸುಮ್ಮನೆ ತಿರುಗಿಕೊಳ್ಳುತ್ತದೆ, ನೇಗಿಲು ಮುಂದೆ ಹೋಗದು. ಡಿಫರೆನ್ಷಿಯಲ್ ಒಳಗಿನ ಪುಟ್ಟ ಪಿನಿಯನ್‌ಗಳು ಇಂಥ ನೊಗಗಳೇ. ನೊಗ ಒಂದಿಷ್ಟು ಓರೆಯಾಗಿ ನಿಲ್ಲುತ್ತದೆ, ಇವು ಹಲ್ಲಿನ ಮೇಲೆ ಹಲ್ಲು ಕೊಡುತ್ತ ಕೊನೆಯಿಲ್ಲದೆ ತಿರುಗಬಲ್ಲವು.

ಜಾರುವ ಗಾಲಿಗೇ ಎಲ್ಲ ಶಕ್ತಿ ಹರಿದುಹೋಗುತ್ತದೆ ಎಂಬ ಮಾತನ್ನು ಗ್ಯಾರೇಜುಗಳಲ್ಲೂ ಕೇಳುತ್ತೇವೆ, ಪತ್ರಿಕೆಗಳಲ್ಲೂ ಓದುತ್ತೇವೆ. ಅದು ಅರ್ಧ ಸತ್ಯ. ವೇಗವೆಲ್ಲ ಅತ್ತ ಹೋಗುತ್ತದೆ, ನಿಜ. ಆದರೆ ತಿರುಗಿಸುವ ಬಲ, ಅಂದರೆ ಟಾರ್ಕ್, ಎರಡಕ್ಕೂ ಸಮ. ಸಮವಾಗಿರುವುದೇ ಕಷ್ಟ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಕೆಸರಿನಲ್ಲಿರುವ ಎಡಗಾಲಿ 20 ಕಿಲೋ ತೂಕದಷ್ಟು ಮಾತ್ರ ನೂಕಬಲ್ಲದು, ಅದಕ್ಕಿಂತ ಹೆಚ್ಚಾದರೆ ಜಾರುತ್ತದೆ. ಗಟ್ಟಿ ನೆಲದ ಬಲಗಾಲಿಗೆ 400 ಕಿಲೋ ನೂಕುವ ಹಿಡಿತವಿದೆ. ಡಿಫರೆನ್ಷಿಯಲ್ ಸಮಪಾಲಿನ ಧರ್ಮ ಬಿಡದೆ ಬಲಕ್ಕೂ 20 ಅನ್ನೇ ಕೊಡುತ್ತದೆ. ಒಟ್ಟು 40. ಎಂಜಿನ್ನಿನಲ್ಲಿ 50 ಕುದುರೆ ಶಕ್ತಿ ಇದ್ದೇನು ಫಲ? ಬಡವನ ಮಿತಿಯೇ ಇಬ್ಬರ ಮಿತಿ.

ಈಗ ಎಡಗಾಲಿಗೆ ಬ್ರೇಕ್ ಹಾಕಿ 200 ಕಿಲೋದಷ್ಟು ತಡೆ ಒಡ್ಡಿದರೆ? ಕೆಸರಿನ 20, ಬ್ರೇಕಿನ 200. ಡಿಫರೆನ್ಷಿಯಲ್‌ಗೆ ಈ ತಡೆ ನೆಲದ್ದೋ ಬ್ರೇಕಿನದ್ದೋ ಗೊತ್ತಾಗುವುದಿಲ್ಲ. ಅದು ಸಮಪಾಲೆಂದು ಬಲಕ್ಕೂ 220 ಕೊಡುತ್ತದೆ. ಕುಸಿದ ಎತ್ತಿನ ಕಡೆಯ ನೊಗವನ್ನು ಯಾರೋ ಬಂದು ಹಿಡಿದುಕೊಂಡ ಹಾಗೆ. ಬ್ರೇಕಿನಲ್ಲಿ ಒಂದಿಷ್ಟು ಶಕ್ತಿ ಕಾವಾಗಿ ಹಾಳಾಗುತ್ತದೆ, ಆಗಲಿ. ಮಹೀಂದ್ರಾ ಥಾರ್‌ನಲ್ಲಿ ‘ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್’ ಎಂಬ ಗಂಭೀರ ಹೆಸರಿನಲ್ಲಿ ಬರುವುದೂ, ಇತರ ಕಾರುಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎನ್ನುವುದೂ ಇದನ್ನೇ ಮಾಡುತ್ತವೆ. ಪ್ರತಿ ಗಾಲಿಯ ಹತ್ತಿರ ಎಬಿಎಸ್‌ಗಾಗಿ ಇಟ್ಟ ಸೆನ್ಸರ್ ಯಾವುದು ವಿನಾಕಾರಣ ಜೋರಾಗಿ ತಿರುಗುತ್ತಿದೆ ಎಂದು ಹೇಳುತ್ತದೆ, ಕಂಪ್ಯೂಟರ್ ಆ ಒಂದು ಗಾಲಿಯ ಬ್ರೇಕನ್ನು ಅದುಮುತ್ತದೆ. ಹುಡುಗನ ಕಾಲಿನ ಬದಲು ಒಂದು ಪಂಪು.

ಟ್ರ್ಯಾಕ್ಟರಿನಲ್ಲಿ ಇನ್ನೊಂದು ದಾರಿಯೂ ಇದೆ. ಹಿಮ್ಮಡಿಗೆ ಸಿಗುವಂತೆ ಪುಟ್ಟ ಪೆಡಲೊಂದು, ಡಿಫ್ ಲಾಕ್. ಅದನ್ನು ಒತ್ತಿದರೆ ಎಡಬಲದ ಅಚ್ಚುಗಳು ಒಂದೇ ಸರಳಾಗಿ ಬೆಸೆದುಕೊಳ್ಳುತ್ತವೆ. ಈಗ ಕಾನೂನು ತಲೆಕೆಳಗು. ಮೊದಲು ಬಲ ಸಮ, ವೇಗ ಹೇಗಾದರೂ ಇರಲಿ ಎಂದಿತ್ತು. ಈಗ ವೇಗ ಸಮ, ಬಲ ಯಾವ ಕಡೆ ಹಿಡಿತವಿದೆಯೋ ಅಲ್ಲಿಗೆ. ಆಲ್ ವೀಲ್ ಡ್ರೈವ್ ಬಗ್ಗೆ ಬರುವ ಎಲ್ಲ ವಿದೇಶಿ ಹೆಸರುಗಳೂ ಈ ಎರಡು ಕಾನೂನುಗಳ ನಡುವೆ ಎಲ್ಲೋ ಒಂದು ಕಡೆ ನಿಂತಿರುತ್ತವೆ. ಗಾಲಿ ಗಿರಗಿರ ತಿರುಗುತ್ತಿರುವಾಗ ಲಾಕ್ ಒತ್ತಿದರೆ ಹಲ್ಲು ಮುರಿಯುತ್ತದೆ, ಲಾಕ್ ಹಾಕಿಕೊಂಡು ತಿರುವು ತೆಗೆದರೆ ಗಾಡಿ ನೇರಕ್ಕೇ ಹೋಗಲು ಹಟ ಹಿಡಿಯುತ್ತದೆ. ಬದುವಿನ ಹತ್ತಿರ ತಿರುಗುತ್ತಿದ್ದ ನಮ್ಮ ಹುಡುಗ ಹಿಮ್ಮಡಿ ಬಿಟ್ಟು ಬ್ರೇಕನ್ನು ಆರಿಸಿಕೊಂಡದ್ದು ಅದಕ್ಕೇ.

ಇಷ್ಟು ಹೊತ್ತು ಒಂದೇ ಅಚ್ಚಿನ ಜಗಳವಾಯಿತು. ನಾಲ್ಕೂ ಗಾಲಿಗೆ ಬಲ ಕೊಟ್ಟರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆಯೂ ಇದೇ ಜಗಳ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಮೂರು ಬಾಗಿಲಿನ ಥಾರ್‌ನ ಮುಂದಿನ ಹಿಂದಿನ ಅಚ್ಚುಗಳ ಅಂತರ 2.45 ಮೀಟರ್. ಹಿಂದಿನ ಅಚ್ಚಿನ ನಡುಬಿಂದು 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು ಸುಮಾರು 6.5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಒಂದು ಸುತ್ತಿಗೆ 3 ಮೀಟರ್ ವ್ಯತ್ಯಾಸ. ಹಳೆಯ ವಿಲ್ಲೀಸ್ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, ಈಗಿನ ಥಾರ್ ಈ ಮೂರರಲ್ಲೂ ಫೋರ್ ವೀಲ್ ಹಾಕಿದೊಡನೆ ಮುಂದಿನ ಹಿಂದಿನ ಶಾಫ್ಟುಗಳು ಗಟ್ಟಿಯಾಗಿ ಜೋಡಿಕೊಳ್ಳುತ್ತವೆ. ಆ 3 ಮೀಟರನ್ನು ಟೈರುಗಳೇ ಉಜ್ಜಿಕೊಂಡು ತೀರಿಸಬೇಕು. ಮರಳು, ಕೆಸರು ಇದ್ದರೆ ನೆಲವೇ ಸಡಿಲಬಿಡುತ್ತದೆ. ಒಣಗಿದ ಡಾಂಬರು ಬಿಡುವುದಿಲ್ಲ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿಯನ್ನು ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಹಿಡಿದಂತಾಗುತ್ತದೆ. ಹೊಸ ಥಾರ್ ಕೊಂಡು ಊರೊಳಗೂ ಫೋರ್ ವೀಲ್‌ನಲ್ಲೇ ಮೆರೆಯುವವರನ್ನು ಕಂಡಾಗ ಟೈರು ಮಾರುವವರ ಪುಣ್ಯ ಅನ್ನಿಸುತ್ತದೆ.

ಡಾಂಬರಿನ ಮೇಲೂ ನಾಲ್ಕೂ ಗಾಲಿ ದುಡಿಯಬೇಕೆಂದರೆ ಮುಂದಿನ ಹಿಂದಿನ ಅಚ್ಚುಗಳ ನಡುವೆ ಮೂರನೆಯ ಡಿಫರೆನ್ಷಿಯಲ್ ಬೇಕು. 1980ರ ಆಡಿ ಕ್ವಾಟ್ರೊ ಪ್ರಸಿದ್ಧವಾದದ್ದು ಇದನ್ನು ಗೇರ್‌ಬಾಕ್ಸಿನ ಹಿಂಬದಿಯಲ್ಲೇ ಚೊಕ್ಕವಾಗಿ ಕೂರಿಸಿ, ಟೊಳ್ಳು ಶಾಫ್ಟೊಂದರ ಒಳಗಿನಿಂದ ಬಲವನ್ನು ಮುಂದಕ್ಕೆ ಹಾಯಿಸಿದ ಜಾಣ್ಮೆಗೆ. ಆದರೆ ಮೂರು ನೊಗ ಇದ್ದಲ್ಲಿ ಕುಸಿಯುವ ಎತ್ತುಗಳು ನಾಲ್ಕು. ಒಂದೇ ಒಂದು ಗಾಲಿ ಗಾಳಿಯಲ್ಲಿ ತೇಲಿದರೂ ಮೂರೂ ಡಿಫರೆನ್ಷಿಯಲ್‌ಗಳು ಸಮಪಾಲಿನ ಧರ್ಮ ಪಾಲಿಸಿ ಗಾಡಿಯನ್ನು ನಿಲ್ಲಿಸಿಬಿಡುತ್ತವೆ. ಅದಕ್ಕೇ ಆ ಕ್ವಾಟ್ರೊದಲ್ಲೂ ಲಾಕ್ ಇತ್ತು.

ಆಮೇಲೆ ಬಂದದ್ದು ಟಾರ್ಸೆನ್ ಎಂಬ ಬಗೆಯ ಡಿಫರೆನ್ಷಿಯಲ್. ತಿರುಪಿನಂಥ ಹಲ್ಲುಗಾಲಿಗಳು ತಮ್ಮೊಳಗಿನ ಘರ್ಷಣೆಯಿಂದಲೇ ಬಿಗಿಯುತ್ತವೆ. ಜಾರುವ ಕಡೆ 20 ಇದ್ದರೆ ಹಿಡಿತವಿರುವ ಕಡೆಗೆ ಅದರ ಮೂರು ಪಟ್ಟು, ಅಂದರೆ 60, ಹೋಗಬಲ್ಲದು. ಜಾಣ ಯಂತ್ರವೇ. ಆದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆ. ಗಾಳಿಯಲ್ಲಿ ತೇಲುವ ಗಾಲಿಯ ಮುಂದೆ ಅದೂ ಕೈಚೆಲ್ಲುತ್ತದೆ. ಕೆಲವು ಕಾರುಗಳ ವಿವರದಲ್ಲಿ ಬಲದ ಪಾಲು ಮುಂದಕ್ಕೆ 40, ಹಿಂದಕ್ಕೆ 60 ಎಂದು ಅಂಕಿ ಬರೆದಿರುತ್ತಾರಲ್ಲ, ಅದು ಹೇಗೆ ಎಂದು ಕೇಳಿದರೆ ಮತ್ತೆ ನೊಗಕ್ಕೇ ಹೋಗಬೇಕು. ಜೋಡಿಯಲ್ಲಿ ಒಂದು ಎತ್ತು ಬಡಕಲಾಗಿದ್ದರೆ ರೈತ ಕಟ್ಟನ್ನು ನಡುವಿನಿಂದ ಬಲಿಷ್ಠ ಎತ್ತಿನ ಕಡೆಗೆ ತುಸು ಸರಿಸುತ್ತಾನೆ. ಬಡಕಲು ಎತ್ತಿಗೆ ನೊಗದ ಉದ್ದ ತೋಳು, ಕಡಿಮೆ ಭಾರ. ಸಮವಲ್ಲದ ಹಲ್ಲುಗಾಲಿಗಳನ್ನಿಟ್ಟು ಕಾರಿನವರು ಮಾಡುವುದೂ ಅದನ್ನೇ.

ನಮ್ಮ ಮಧ್ಯಮ ದರದ ಕಾರುಗಳಲ್ಲಿ ‘ಎಲ್ಲ ಗಾಲಿ’ಯೆಂದು ಬರುವುದರ ಬಗೆ ಬೇರೆ. ಅಲ್ಲಿ ಮೂರನೆಯ ಡಿಫರೆನ್ಷಿಯಲ್ಲೇ ಇಲ್ಲ. ಸಾಮಾನ್ಯವಾಗಿ ಮುಂದಿನ ಗಾಲಿಗಳೇ ಎಳೆಯುತ್ತವೆ. ಹಿಂದಿನ ಅಚ್ಚಿನ ಹತ್ತಿರ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳ ಒಂದು ಕಟ್ಟು ಸಡಿಲವಾಗಿ ಕಾಯುತ್ತಿರುತ್ತದೆ. ಮುಂದಿನದು ಜಾರುತ್ತಿದೆ ಎಂದೋ, ಡ್ರೈವರ್ ಒಮ್ಮೆಲೇ ಎಕ್ಸಲರೇಟರ್ ತುಳಿದ ಎಂದೋ ಕಂಪ್ಯೂಟರಿಗೆ ಗೊತ್ತಾದರೆ ತಟ್ಟೆಗಳನ್ನು ಒತ್ತಿ ಹಿಂದಿನ ಗಾಲಿಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಡಾಂಬರು, ಮಳೆ, ತುಸು ಕೆಸರಿಗೆ ಇದಕ್ಕಿಂತ ಸಲೀಸಾದದ್ದಿಲ್ಲ. ತಾಸುಗಟ್ಟಲೆ ಕೆಸರಿನಲ್ಲಿ ಗುದ್ದಾಡಿಸಿದರೆ ಮಾತ್ರ ಎಣ್ಣೆ ಕಾದು, ತಟ್ಟೆ ಉಳಿಸಿಕೊಳ್ಳಲು ಕಂಪ್ಯೂಟರ್ ಕೈಬಿಡುತ್ತದೆ. ಗೆಳೆಯನ ಕಾರು ಈ ಜಾತಿಯದು. ಅವನು ಅದನ್ನು ಗದ್ದೆಗೆ ಇಳಿಸದೆ ಡಾಂಬರಿನ ಮೇಲೆ ನಿಲ್ಲಿಸಿದ್ದು ಬುದ್ಧಿವಂತಿಕೆಯೋ ಪುಕ್ಕಲುತನವೋ, ಫಲಿತಾಂಶವಂತೂ ಒಳ್ಳೆಯದೇ.

ಸಂಡೂರಿನ ಕಡೆ ಹೋದರೆ ಇದೇ ಕಥೆ ದೊಡ್ಡ ಗಾತ್ರದಲ್ಲಿ. ಅದಿರು ಹೊರುವ ಹತ್ತು ಚಕ್ರದ ಟಿಪ್ಪರಿನಲ್ಲಿ ಹಿಂದಿನ ಎರಡು ಅಚ್ಚುಗಳಿಗೂ ಬಲ ಹೋಗುವಂತಿದ್ದರೆ, ಅಚ್ಚಿಗೊಂದರಂತೆ ಎರಡು ಡಿಫರೆನ್ಷಿಯಲ್, ಅವೆರಡರ ನಡುವೆ ಇನ್ನೊಂದು. ಆ ನಡುವಿನದನ್ನು ಲಾಕ್ ಮಾಡಲು ಕ್ಯಾಬಿನ್ನಿನಲ್ಲಿ ಸ್ವಿಚ್ಚು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮುಂಚಿನ ದಿನಗಳಲ್ಲಿ ಇಲ್ಲಿನ ರಸ್ತೆಗಳನ್ನು ಕಂಡವರಿಗೆ ಕೆಂಪು ದೂಳು ಮಳೆಗೆ ಕಲಸಿದಾಗ ಏನಾಗುತ್ತದೆಂದು ಹೇಳಬೇಕಿಲ್ಲ.

ಅಂಥ ಒದ್ದೆ ಏರಿನಲ್ಲಿ 1500 ಕಿಲೋದ ಕಾರೊಂದನ್ನು ನಿಲ್ಲಿಸಿ ನೋಡೋಣ. ಹಿಡಿತ ತೂಕದ ಹತ್ತರಲ್ಲಿ ಮೂರು ಪಾಲಿನಷ್ಟು ಮಾತ್ರ ಎನ್ನಿ. ಐದು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಕಾರನ್ನು ಮೇಲೆ ನೂಕಲು ಸುಮಾರು 300 ಕಿಲೋ ಬಲ ಬೇಕು. ಎರಡೇ ಗಾಲಿ ದುಡಿದರೆ ಅರ್ಧ ತೂಕದ ಹಿಡಿತ, 225 ಕಿಲೋ. ಸಾಲದು. ನಾಲ್ಕೂ ದುಡಿದರೆ 450ರ ಹತ್ತಿರ, ಧಾರಾಳ. ಏರಿನಲ್ಲಿ ತೂಕ ಹಿಂದಕ್ಕೆ ಸರಿಯುವುದರಿಂದ ಮುಂದಿನ ಗಾಲಿಯಿಂದ ಓಡುವ ಕಾರಿನ ಪಾಡು ಇನ್ನೂ ಕೆಟ್ಟದ್ದು. ಎಂಜಿನ್ ಎಷ್ಟು ಸಿಸಿ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಒಮ್ಮೆಯೂ ಬರಲಿಲ್ಲ, ಗಮನಿಸಿ.

ವಿದ್ಯುತ್ ಕಾರುಗಳು ನಡುವಿನ ನೊಗವನ್ನೇ ಕಿತ್ತೆಸೆದಿವೆ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿಯ ನಾಲ್ಕು ಗಾಲಿಯ ಮಾದರಿಯಲ್ಲಿ ಮುಂದೊಂದು ಮೋಟಾರು, ಹಿಂದೊಂದು. ಎರಡಕ್ಕೂ ಕೊಂಡಿ ವೈರು ಮಾತ್ರ. ಹೊಸದೇನಲ್ಲ, 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ನಾಲ್ಕು ಗಾಲಿಗೂ ಒಂದೊಂದು ಮೋಟಾರಿಟ್ಟು ಕಾರು ಕಟ್ಟಿದ್ದ.

ಇಷ್ಟೆಲ್ಲ ಇದ್ದೂ ಬ್ರೇಕ್ ಹಾಕುವಾಗ ಆಲ್ ವೀಲ್ ಡ್ರೈವ್ ಏನೂ ನೆರವಾಗದು, ಎಲ್ಲ ಕಾರುಗಳಲ್ಲೂ ಬ್ರೇಕು ನಾಲ್ಕೇ. ನೀರಿನಲ್ಲಂತೂ ಕೇಳಲೇಬೇಡಿ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ಜೋರು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಗಂಗಾವತಿ ಕಡೆಯ ಸಂಚಾರ ನಿಲ್ಲುತ್ತದೆ. ದೊಡ್ಡ ಗಾಡಿಯವರಿಗೆ ಅಲ್ಲಿ ಒಂದು ಆಸೆ ಹುಟ್ಟುತ್ತದೆ. ಕಾರಿನ ತಳ ಸುಮಾರು 4 ಮೀಟರ್ ಉದ್ದ, 1.7 ಮೀಟರ್ ಅಗಲ. ನೀರು ಆ ತಳದಿಂದ ಒಂದಡಿ ಮೇಲೆ ಬಂದರೆ, ಒಳಗೆ ನುಗ್ಗುವ ತನಕ, ಕಾರನ್ನು ಎರಡು ಟನ್ನಿನಷ್ಟು ಬಲದಿಂದ ಮೇಲಕ್ಕೆತ್ತುತ್ತದೆ. ಕಾರಿನ ತೂಕವೇ ಅಷ್ಟಿಲ್ಲ. ಗಾಲಿಗೂ ನೆಲಕ್ಕೂ ನಂಟು ತಪ್ಪಿದ ಮೇಲೆ ನಾಲ್ಕೇನು, ನಲವತ್ತು ಗಾಲಿ ತಿರುಗಿಸಿದರೂ ಅದು ಹರಿಗೋಲು, ಅದೂ ಹುಟ್ಟಿಲ್ಲದ್ದು.

ಗದ್ದೆಯ ಕೆಲಸ ಮುಗಿಸಿ ಹುಡುಗ ಟ್ರ್ಯಾಕ್ಟರನ್ನು ಡಾಂಬರು ರಸ್ತೆಗೆ ಹತ್ತಿಸಿದ. ನಿಲ್ಲಿಸಿ, ಬಗ್ಗಿ, ಎಡಬಲದ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಕ್ಕೆಯನ್ನು ಎಳೆದು ಕೂರಿಸಿದ. ರಸ್ತೆಯಲ್ಲಿ ಓಡುವಾಗ ಒಂದೇ ಕಡೆಯ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಪಲ್ಟಿ. ಆಮೇಲೆ ಕಾಲಿನಿಂದ ಎರಡು ಸಲ ಒತ್ತಿ ನೋಡಿ, ನಮ್ಮ ಕಾರಿನ ಹಿಂದಿನ ಮೂರಕ್ಷರಗಳ ಮೇಲೆ ಒಂದು ಚೂರು ಕೆಸರು ಸಿಡಿಸಿಕೊಂಡೇ ಹೊರಟುಹೋದ.