ಫಿಲ್ಟರ್ ಕಾಫಿಯ ತಿರಾಮಿಸು: ಇಟಲಿಯ ಪದರ ಸಿಹಿ ನಮ್ಮ ಅಡುಗೆಮನೆಯಲ್ಲಿ

ಪುಣೆ ಮೂಲತಃ ಚಹಾದ ಊರು. ಪೇಟೆಗಳ ತಿರುವುಗಳಲ್ಲಿ ಅಮೃತತುಲ್ಯ ಅಂಗಡಿಗಳ ಶುಂಠಿ-ಏಲಕ್ಕಿಯ ಪರಿಮಳ ಹಬ್ಬಿರುವ ಈ ನಗರದಲ್ಲಿ ಕಾಫಿಯ ರುಚಿಯನ್ನು ಉಳಿಸಿ ಬೆಳೆಸಿದವರಲ್ಲಿ ಕನ್ನಡಿಗರ ಪಾಲು ಚಿಕ್ಕದಲ್ಲ. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿಯವರು ಫರ್ಗ್ಯುಸನ್ ರಸ್ತೆಯಲ್ಲಿ ಬೆಳೆಸಿದ 'ವೈಶಾಲಿ' ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿ. ಮನೆಗಳಲ್ಲಂತೂ, ಊರಿನಿಂದ ಬರುವಾಗ ಹಿರಿಯರು ಗಂಟಿನಲ್ಲಿ ಕಟ್ಟಿ ತಂದ ಹಿತ್ತಾಳೆಯ ಇಲ್ಲವೆ ಸ್ಟೀಲಿನ ಫಿಲ್ಟರು ಇಂದಿಗೂ ಒಲೆಯ ಪಕ್ಕದಲ್ಲಿದೆ. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅದನ್ನು ಮುಟ್ಟುವುದು ಅಪರೂಪ; ಡಬ್ಬಿಯ ಪುಡಿಯನ್ನು ಬಿಸಿ ಹಾಲಿಗೆ ಕದಡಿದರೆ ಅವರ ಕೆಲಸ ಮುಗಿಯಿತು.

ಅದೇ ಮಕ್ಕಳು ಹುಟ್ಟುಹಬ್ಬಕ್ಕೋ ಬಡ್ತಿಯ ಸಂತೋಷಕ್ಕೋ ನಮ್ಮನ್ನು ಹೋಟೆಲಿಗೆ ಕರೆದೊಯ್ದಾಗ, ಊಟದ ಕೊನೆಯಲ್ಲಿ ತರಿಸುವ ಸಿಹಿಯ ಹೆಸರು 'ತಿರಾಮಿಸು'. ಕಾಫಿಯಲ್ಲಿ ತೊಯ್ದ ಬಿಸ್ಕತ್ತು, ಬೆಣ್ಣೆಯಂಥ ನುಣುಪಾದ ಕೆನೆ, ಮೇಲೆ ಕೋಕೋ ಪುಡಿ. ಮನೆಯ ಹಿರಿಯರು ಚಮಚ ಕೈಗೆತ್ತಿಕೊಳ್ಳುವ ಮುನ್ನ ಕೇಳುವ ಪ್ರಶ್ನೆಗಳು ಎರಡೇ: "ಇದರಲ್ಲಿ ಮೊಟ್ಟೆ ಇದೆಯೇ? ಮದ್ಯ ಹಾಕಿದ್ದಾರೆಯೇ?" ಬಡಿಸುವವನಿಗೆ ಉತ್ತರ ತಿಳಿಯದಿದ್ದರೆ ಅಜ್ಜಿಯ ಪಾಲು ಮೊಮ್ಮಕ್ಕಳ ತಟ್ಟೆಗೆ ಹೋಗುತ್ತದೆ. ಎಲ್ಲರೂ ಒಂದೇ ಪಾತ್ರೆಯಿಂದ ಹಂಚಿಕೊಂಡು ತಿನ್ನುವಂತೆ, ನಮ್ಮದೇ ಡಿಕಾಕ್ಷನ್ನಿನಿಂದ ಇದನ್ನು ಮನೆಯಲ್ಲಿ ಮಾಡುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹುಟ್ಟಿದ ಊರು

ಹೆಸರು ಕೇಳಿ ಇದು ರೋಮನ್ ಚಕ್ರವರ್ತಿಗಳ ಕಾಲದ್ದೆಂದು ಭಾವಿಸಬೇಕಾಗಿಲ್ಲ. ಈಶಾನ್ಯ ಇಟಲಿಯ ತ್ರೆವಿಜೊ ಎಂಬ ಊರಿನ 'ಲೆ ಬೆಕ್ಕೆರಿಯೆ' ಭೋಜನಶಾಲೆಯ ತಿನಿಸುಗಳ ಪಟ್ಟಿಯಲ್ಲಿ ಇದು ಸೇರಿದ್ದು 1972ರಲ್ಲಿ. ಅದರ ಒಡೆಯ ಆದೊ ಕಾಂಪೆಯೋಲ್ 2021ರಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅವರನ್ನು 'ತಿರಾಮಿಸುವಿನ ತಂದೆ' ಎಂದು ಸ್ಮರಿಸಿದವು. ಆತನ ಪತ್ನಿ ಆಲ್ಬಾ ಮತ್ತು ಅಡುಗೆಯವರಾದ ರೊಬೆರ್ತೊ ಲಿಂಗ್ವಾನೊತ್ತೊ ಸೇರಿ ಇದನ್ನು ರೂಪಿಸಿದರೆಂಬುದು ಪ್ರಚಲಿತ ಕಥನ. ನೆರೆಯ ಫ್ರಿಯೂಲಿ ಪ್ರಾಂತದವರು ಇದನ್ನು ಒಪ್ಪುವುದಿಲ್ಲ. 1950ರ ದಶಕದಲ್ಲೇ ತಮ್ಮಲ್ಲಿ ಇದಿತ್ತೆಂದು ವಾದಿಸುತ್ತಾರೆ. 2017ರಲ್ಲಿ ಇಟಲಿಯ ಕೃಷಿ ಸಚಿವಾಲಯ ಇದನ್ನು ಫ್ರಿಯೂಲಿಯ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಗೆ ಸೇರಿಸಿದಾಗ ತ್ರೆವಿಜೊದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮೈಸೂರುಪಾಕಿಗಾಗಿ ನಮ್ಮಲ್ಲಿ ನಡೆಯುವ ವಾಗ್ವಾದವನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

'ತಿರಾಮಿಸು' ಎಂದರೆ 'ನನ್ನನ್ನು ಮೇಲೆತ್ತು', ಅಂದರೆ 'ನನಗೆ ಚೈತನ್ಯ ಕೊಡು' ಎಂದರ್ಥ. ತ್ರೆವಿಜೊ ಸೀಮೆಯಲ್ಲಿ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆ ಬರುವಂತೆ ಕಡೆದು ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಕೊಡುವ ರೂಢಿಯಿತ್ತು. ಆ ಪುಷ್ಟಿಕರ ಆಹಾರಕ್ಕೆ ಕಾಫಿಯೂ ಕೆನೆಯೂ ಕೂಡಿ ಈ ಸಿಹಿ ಆಯಿತೆನ್ನುತ್ತಾರೆ. ನಮ್ಮ ಅಂಟಿನುಂಡೆಗೆ ಇದು ದೂರದ ಸೋದರಿ. ತ್ರೆವಿಜೊದವರು ಮೂಲವೆಂದು ಎತ್ತಿಹಿಡಿಯುವ ಪಾಕದಲ್ಲಿ ಮದ್ಯವಿಲ್ಲ. ಮದ್ಯ ಬೆರೆಸುವುದು ನಂತರದ ರೂಢಿ; ಆದ್ದರಿಂದ ಅದನ್ನು ಕೈಬಿಟ್ಟರೆ ನಾವು ಸಂಪ್ರದಾಯಕ್ಕೆ ಹತ್ತಿರವೇ ಇರುತ್ತೇವೆ.

ಕಾಫಿಯ ಸಂಬಂಧ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಇಂದು ಭಾರತದ ಕಾಫಿಯಲ್ಲಿ ಸುಮಾರು 70 ಪ್ರತಿಶತ ಕರ್ನಾಟಕದ್ದೇ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳು ಅದರ ತವರು. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಬಹುಕಾಲದಿಂದ ಮುಂಚೂಣಿಯಲ್ಲಿರುವುದು ಇಟಲಿ. ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಲ್ಲಿ ನೊರೆಗೂ ಗಟ್ಟಿತನಕ್ಕೂ ನಮ್ಮ ರೊಬಸ್ಟಾ ಬೀಜ ಬಳಕೆಯಾಗುತ್ತದೆ. ಆದುದರಿಂದ ಫಿಲ್ಟರ್ ಡಿಕಾಕ್ಷನ್ನಿನಿಂದ ತಿರಾಮಿಸು ಮಾಡುವುದನ್ನು ಬದಲಿ ವ್ಯವಸ್ಥೆ ಎಂದು ಕೀಳಾಗಿ ಕಾಣಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಎಂದರೆ ಹೆಚ್ಚುಕಡಿಮೆ ಅರ್ಧ ಚಿಕೋರಿಯೇ ಇರಬಹುದು. ಹಾಲು ಬೆರೆಸಿ ಕುಡಿಯುವಾಗ ಅದರ ಕಹಿ ಹಿತವಾಗಿರುತ್ತದೆ. ಇಲ್ಲಿಯಾದರೋ ಮೇಲೆ ಕಹಿಯಾದ ಕೋಕೋ ಇರುವುದರಿಂದ ಕಹಿಯ ಮೇಲೆ ಕಹಿ ಬಿದ್ದು ಕಾಫಿಯ ಪರಿಮಳ ಮುಚ್ಚಿಹೋಗುತ್ತದೆ. ಪೊಟ್ಟಣದ ಮೇಲಿನ ಪ್ರಮಾಣವನ್ನು ಓದಿ, ಶುದ್ಧ ಕಾಫಿಪುಡಿಯನ್ನು, ಇಲ್ಲವೆ ಚಿಕೋರಿ 20 ಪ್ರತಿಶತ ಮೀರದ ಪುಡಿಯನ್ನು ಆರಿಸಿಕೊಳ್ಳಿ.

ಕೆನೆಯೂ ಬಿಸ್ಕತ್ತೂ

ಈ ಸಿಹಿಯ ಜೀವಾಳ ಲೊಂಬಾರ್ದಿ ಪ್ರಾಂತದ 'ಮಸ್ಕರ್ಪೋನೆ'. ಹೆಸರು ದೊಡ್ಡದಾದರೂ ವಿಧಾನ ಪನೀರು ಒಡೆಸುವುದರ ಹತ್ತಿರದ್ದೇ: ಹಾಲಿನ ಬದಲು ಕೆನೆಯನ್ನು ಕಾಯಿಸಿ ಹುಳಿ ಹಿಂಡುವುದು. ಕೆಲವು ಚೀಸುಗಳಂತೆ ಇದಕ್ಕೆ ಕರುವಿನ ಜಠರದಿಂದ ತೆಗೆದ ಕಿಣ್ವ ಬೇಕಿಲ್ಲವಾದ್ದರಿಂದ ಸಸ್ಯಾಹಾರಿಗಳಿಗೆ ತೊಡಕಿಲ್ಲ. ಅಂಗಡಿಯಲ್ಲಿ ಸಿಕ್ಕರೂ ಬೆಲೆ ಹೆಚ್ಚು. ಮನೆಯಲ್ಲಿ ಮಾಡಿದರೆ ಗಣನೀಯ ಉಳಿತಾಯ. ಪುಣೆಯವರಿಗೆ ಇನ್ನೊಂದು ಅನುಕೂಲವಿದೆ. ಶ್ರೀಖಂಡಕ್ಕೆಂದು ಡೇರಿಗಳಲ್ಲಿ ಸಿಗುವ ತಾಜಾ ಚಕ್ಕಾವನ್ನು ಮೂರನೆಯ ಒಂದು ಪಾಲಿನಷ್ಟು ಬೆರೆಸಬಹುದು. ಪೂರ್ತಿ ಚಕ್ಕಾದಿಂದಲೇ ಮಾಡಿದರೆ ಬರುವುದು ಕಾಫಿ ಶ್ರೀಖಂಡ; ರುಚಿಯಾಗಿದ್ದೀತು, ತಿರಾಮಿಸು ಆಗದು.

ಇಟಲಿಯ 'ಸವೊಯಾರ್ದಿ' ಬಿಸ್ಕತ್ತು ಮೊಟ್ಟೆಯ ನೊರೆಯಿಂದ ಉಬ್ಬಿದ್ದು. ಅದರಲ್ಲಿ ಬೆಣ್ಣೆ-ಎಣ್ಣೆ ಇರುವುದಿಲ್ಲವಾದ್ದರಿಂದ ಒಣಗಿದ ಸ್ಪಂಜಿನಂತೆ ಕಾಫಿಯನ್ನು ಹೀರುತ್ತದೆ. ಪುಣೆ ಕ್ಯಾಂಪಿನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು ಇಲ್ಲಿ ಹೊಂದದಿರುವುದಕ್ಕೆ ಕಾರಣವೂ ಅದೇ: ಬೆಣ್ಣೆಯ ಸಮೃದ್ಧಿಯೇ ಅದರ ಹಿರಿಮೆ, ಬೆಣ್ಣೆ ನೀರನ್ನು ಒಳಬಿಡದು. ಮೊಟ್ಟೆ ಬೇಡವೆನ್ನುವವರು ಕೆಳಗೆ ಹೇಳಿದಂತೆ ಮೊಸರಿನ ಕೇಕನ್ನು ಒಣಗಿಸಿಕೊಳ್ಳಬಹುದು. ಸಮಯವಿಲ್ಲದವರು ಏಲಕ್ಕಿ, ಸೋಂಪು ಬೆರೆಸದ ಸಾದಾ ರಸ್ಕನ್ನು ಬಳಸಬಹುದು.

ಬೇಕಾಗುವ ಸಾಮಗ್ರಿಗಳು (8 ಜನರಿಗೆ)

ಮಸ್ಕರ್ಪೋನೆಗೆ: 25 ಪ್ರತಿಶತ ಕೊಬ್ಬಿನ ಕೆನೆ 500 ಮಿಲಿಲೀಟರ್, ನಿಂಬೆರಸ 1 ದೊಡ್ಡ ಚಮಚ.

ಕೇಕಿಗೆ: ಮೈದಾ ಒಂದೂವರೆ ಕಪ್ಪು, ಹುಳಿಯಿಲ್ಲದ ಗಟ್ಟಿ ಮೊಸರು 1 ಕಪ್ಪು, ಸಕ್ಕರೆ ಮುಕ್ಕಾಲು ಕಪ್ಪು, ಎಣ್ಣೆ ಮೂರನೆಯ ಒಂದು ಕಪ್ಪು, ಬೇಕಿಂಗ್ ಪೌಡರ್ 1 ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ.

ಪದರಗಳಿಗೆ: ಕಾಫಿಪುಡಿ 30 ಗ್ರಾಂ, ವಿಪ್ಪಿಂಗ್ ಕ್ರೀಮ್ 200 ಮಿಲಿಲೀಟರ್, ಪುಡಿ ಸಕ್ಕರೆ 75 ಗ್ರಾಂ, ಸಿಹಿಯಿಲ್ಲದ ಕೋಕೋ ಪುಡಿ 2 ದೊಡ್ಡ ಚಮಚ.

ಮಾಡುವ ವಿಧಾನ

ಮೊದಲ ದಿನ ಸಂಜೆ ಕೆನೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು ತಿರುವುತ್ತಿರಿ. ಕುದಿ ಬರಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವಾಗ, ಅಂದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಂಬೆರಸ ಹಾಕಿ ಅದೇ ಶಾಖದಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ. ಅದು ಪನೀರಿನಂತೆ ಒಡೆದು ಬೇರೆಯಾಗದು. ಮಂದವಾಗಿ ಚಮಚದ ಬೆನ್ನಿಗೆ ಅಂಟಿ ನಿಲ್ಲುವುದೇ ಹದ. ಆರಿದ ಮೇಲೆ ದಟ್ಟ ಬಟ್ಟೆ ಹಾಸಿದ ಜರಡಿಗೆ ಸುರಿದು, ಕೆಳಗೊಂದು ಪಾತ್ರೆಯಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಗಿಗೆ ಸುಮಾರು 250 ಗ್ರಾಂ ಮಸ್ಕರ್ಪೋನೆ ಸಿದ್ಧ. ಚಕ್ಕಾದಂತೆ ಹೊರಗೆ ತೂಗುಹಾಕಬಾರದು. ಪುಣೆಯ ಏಪ್ರಿಲ್-ಮೇ ಸೆಕೆಯಲ್ಲಿ ಕೆಟ್ಟೀತು.

ಕೇಕಿಗೆ ಮೊಸರು-ಸಕ್ಕರೆಗಳನ್ನು ಕರಗುವವರೆಗೆ ಕದಡಿ, ಬೇಕಿಂಗ್ ಪೌಡರ್ ಮತ್ತು ಸೋಡಾ ಸೇರಿಸಿ ಐದು ನಿಮಿಷ ಬಿಡಿ. ಮೊಸರಿನ ಆಮ್ಲವೂ ಸೋಡಾವೂ ಕೂಡಿ ಏಳುವ ಗುಳ್ಳೆಗಳೇ ಇಲ್ಲಿ ಮೊಟ್ಟೆಯ ನೊರೆಯ ಕೆಲಸ ಮಾಡುತ್ತವೆ. ಬಳಿಕ ಎಣ್ಣೆಯನ್ನೂ ಜರಡಿ ಹಿಡಿದ ಮೈದಾವನ್ನೂ ಹಗುರವಾಗಿ ಬೆರೆಸಿ, 180 ಡಿಗ್ರಿ ಶಾಖದ ಓವನ್ನಿನಲ್ಲಿ 30ರಿಂದ 35 ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಬೆರಳಗಲದ ತುಂಡುಗಳಾಗಿ ಕೊಯ್ದು, 150 ಡಿಗ್ರಿಯಲ್ಲಿ ಎರಡೂ ಬದಿ ಹತ್ತು ಹತ್ತು ನಿಮಿಷ ಒಣಗಿಸಿ.

ಫಿಲ್ಟರಿಗೆ 30 ಗ್ರಾಂ ಪುಡಿ ಹಾಕಿ, ಹೆಚ್ಚು ಅದುಮದೆ, ಕುದಿ ನೀರು ಸುರಿದು ಮೊದಲ ಡಿಕಾಕ್ಷನ್ ಇಳಿಸಿಕೊಳ್ಳಿ. ಸುಮಾರು 150 ಮಿಲಿಲೀಟರ್ ಡಿಕಾಕ್ಷನ್ನಿಗೆ ಅಷ್ಟೇ ಬಿಸಿನೀರು ಬೆರೆಸಿ ಆರಲು ಬಿಡಿ. ಎರಡನೆಯ ಡಿಕಾಕ್ಷನ್ ಇದಕ್ಕೆ ಬೇಡ. ಅದರಲ್ಲಿ ಕಹಿ ಉಳಿದಿರುತ್ತದೆ, ಪರಿಮಳವಿರುವುದಿಲ್ಲ.

ಮಸ್ಕರ್ಪೋನೆಗೆ ಪುಡಿ ಸಕ್ಕರೆ ಬೆರೆಸಿ ಚಮಚದಿಂದಲೇ ನುಣ್ಣಗೆ ಮಾಡಿ; ಹೆಚ್ಚು ಕಡೆದರೆ ಬೆಣ್ಣೆಯಾಗಿ ಒಡೆಯುತ್ತದೆ. ಚೆನ್ನಾಗಿ ತಣಿದ ವಿಪ್ಪಿಂಗ್ ಕ್ರೀಮನ್ನು ಬೇರೆಯಾಗಿ, ಮೃದುವಾದ ಶಿಖರಗಳು ನಿಲ್ಲುವಷ್ಟು ಕಡೆದು ಇದರೊಳಗೆ ಮಡಚಿದಂತೆ ಬೆರೆಸಿ. ಸಸ್ಯಜನ್ಯ ಕೊಬ್ಬಿನ ಕ್ರೀಮು ಸಾಮಾನ್ಯವಾಗಿ ಮೊದಲೇ ಸಿಹಿಯಾಗಿರುತ್ತದೆ. ಅದನ್ನು ಬಳಸಿದರೆ ಸಕ್ಕರೆ ಕಡಿಮೆ ಮಾಡಿ.

ಇನ್ನು ಪದರ ಜೋಡಿಸುವುದು. ತುಂಡುಗಳನ್ನು ಒಂದೊಂದಾಗಿ ಆರಿದ ಕಾಫಿಯಲ್ಲಿ ಪ್ರತಿ ಬದಿ ಒಂದೆರಡು ಸೆಕೆಂಡು ಮಾತ್ರ ಅದ್ದಿ; ರಸ್ಕಾದರೆ ಮೂರು-ನಾಲ್ಕು ಸೆಕೆಂಡು. ಕಾಫಿ ಬಿಸಿಯಾಗಿದ್ದರೆ ತುಂಡು ಕೈಯಲ್ಲೇ ಕುಸಿಯುತ್ತದೆ. ಗಾಜಿನ ಪಾತ್ರೆಯ ತಳದಲ್ಲಿ ಒಂದು ಸಾಲು, ಮೇಲೆ ಅರ್ಧ ಕೆನೆ. ಮತ್ತೆ ಒಂದು ಸಾಲು, ಉಳಿದ ಕೆನೆ. ಮುಚ್ಚಿ ಕನಿಷ್ಠ 6 ಗಂಟೆ ಫ್ರಿಜ್ಜಿನಲ್ಲಿಡಿ. ಒಣಪದರ ಕಾಫಿಯನ್ನು ಹಂಚಿಕೊಂಡು ಮೆತ್ತಗಾಗುವುದೂ ಕೆನೆ ಗಟ್ಟಿಯಾಗುವುದೂ ಈ ಅವಧಿಯಲ್ಲೇ; ಅವಸರಿಸಿದರೆ ಎರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಕೋಕೋವನ್ನು ಬಡಿಸುವ ಮುನ್ನ ಚಹಾ ಸೋಸುವ ಜಾಲರಿಯಿಂದ ಉದುರಿಸಿ. ಮೊದಲೇ ಹಾಕಿದರೆ ಒದ್ದೆಯಾಗಿ ಕಪ್ಪಗಾಗುತ್ತದೆ.

ಕೆಲವು ಸೂಚನೆಗಳು

ಮೊಟ್ಟೆ ತಿನ್ನುವವರು ವಿಪ್ಪಿಂಗ್ ಕ್ರೀಮಿನ ಬದಲು 4 ಮೊಟ್ಟೆಗಳ ಹಳದಿಯನ್ನು ಆ 75 ಗ್ರಾಂ ಸಕ್ಕರೆಯೊಡನೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು, 70 ಡಿಗ್ರಿ ದಾಟಿ ಮಂದವಾಗುವವರೆಗೆ ಕಡೆದು, ಆರಿಸಿ ಬೆರೆಸಬಹುದು. ಹಸಿ ಮೊಟ್ಟೆಯನ್ನು ಬಳಸುವ ಹಳೆಯ ಕ್ರಮ ಗರ್ಭಿಣಿಯರಿಗೆ, ಮಕ್ಕಳಿಗೆ, ವೃದ್ಧರಿಗೆ ಸುರಕ್ಷಿತವಲ್ಲ. ಹೊರಗೆ ತಿನ್ನುವಾಗ ಸಸ್ಯಾಹಾರಿಗಳು ಮೊಟ್ಟೆಯ ಜತೆಗೆ ಜೆಲಟಿನ್ ಬಗ್ಗೆಯೂ ವಿಚಾರಿಸಬೇಕು. ಕೆನೆ ಗಟ್ಟಿಯಾಗಲೆಂದು ಕೆಲವರು ಬೆರೆಸುವ ಇದು ಪ್ರಾಣಿಜನ್ಯ. ಆಮದು ಸವೊಯಾರ್ದಿಯ ಪೊಟ್ಟಣದ ಕಂದು ಗುರುತು ಮೊಟ್ಟೆಯನ್ನು ಸೂಚಿಸುತ್ತದೆ.

ರಾತ್ರಿ ನಿದ್ರೆ ಹತ್ತದವರಿಗೆ ಇದನ್ನು ಮಧ್ಯಾಹ್ನದ ಊಟದ ನಂತರವೇ ಬಡಿಸುವುದು ಒಳಿತು. ಮಧುಮೇಹಿಗಳಿಗೆ ಎರಡು ಚಮಚ ಸಾಕು. ಎರಡು ದಿನಗಳೊಳಗೆ ಮುಗಿಸಿ. ಕೂಟಗಳಿಗೆ ಒಯ್ಯುವುದಾದರೆ ಚಿಕ್ಕ ಬಟ್ಟಲುಗಳಲ್ಲೇ ಪದರ ಕಟ್ಟಿದರೆ ಹಂಚಲು ಸುಲಭ.

ಕೆಲಸವನ್ನು ಮನೆಮಂದಿಯಲ್ಲಿ ಹಂಚಿಕೊಂಡರೆ ಶ್ರಮ ತಿಳಿಯದು. ಕೆನೆಯ ಕಡೆತ ಮಕ್ಕಳಿಗಿರಲಿ, ಡಿಕಾಕ್ಷನ್ ಹಿರಿಯರ ಪಾಲಿಗಿರಲಿ. ಪುಡಿಯನ್ನು ಎಷ್ಟು ಅದುಮಬೇಕು, ನೀರನ್ನು ಯಾವಾಗ ಸುರಿಯಬೇಕು ಎಂಬುದನ್ನು ಅಜ್ಜಿಯ ಪಕ್ಕದಲ್ಲಿ ನಿಂತು ಒಮ್ಮೆ ಕಲಿತ ಮಗು, ಮುಂದೆ ತಾನಿರುವ ಊರಿನಲ್ಲಿ ತನ್ನ ಬೆಳಗಿನ ಲೋಟಕ್ಕೂ ಫಿಲ್ಟರನ್ನು ಹುಡುಕೀತು. ತಾವೂ ಮಾಡಿ ನೋಡಿ. ನೆರೆಯ ಮರಾಠಿ ಬಂಧುಗಳಿಗೂ ಒಂದು ಬಟ್ಟಲು ಕಳುಹಿಸಿ.